ಮುತ್ತಮ್ಮನವರ ಕಾರಿಗೆ ಜೀಪಿನ ಇಂಜಿನ್

ಯಾವ ಇಂಜಿನ್ನನ್ನು ಬೇಕಾದರೂ ಯಾವ ಗಾಡಿಯೊಳಗೆ ಬೇಕಾದರೂ ಕೂರಿಸಬಹುದು. ಭಾರ ಎತ್ತುವ ಒಂದು ಚೈನ್ ಬ್ಲಾಕು, ನಾಲ್ಕು ಜನರ ತೋಳು, ಒಂದಿಷ್ಟು ಬೈಗುಳ ಇದ್ದರೆ ಸಾಕು. ಕೂರಿಸಿದ ಮೇಲೆ ಎಲ್ಲರೂ ಬೀಡಿ ಹಚ್ಚಿಕೊಂಡು, "ಮುಗೀತಪ್ಪ" ಎನ್ನುತ್ತಾರೆ. ಬಾನೆಟ್ಟಿನೊಳಗೆ ಕರುಳಿನ ಹಾಗೆ ಜೋತುಬಿದ್ದಿರುವ ವೈರುಗಳು ಆಮೇಲೆ ಯಾರದೋ ಕಣ್ಣಿಗೆ ಬೀಳುತ್ತವೆ. "ಅದೇನು, ವೈರಿಂಗ್ ತಾನೆ? ಪುಟ್ಟಸ್ವಾಮಿ ಸೇರಿಸ್ತಾನೆ ಬಿಡಿ."

ಆ ಪುಟ್ಟಸ್ವಾಮಿ ನಾನು. "ವೈರಿಂಗ್ ತಾನೆ" ಎಂಬ ಮಾತನ್ನು ಕೇಳಿಕೊಂಡೇ ನನ್ನ ಇಡೀ ಆಯಸ್ಸು ಕಳೆಯಿತು. ಈಗ ಕೈ ನಡುಗುತ್ತದೆ, ಸಣ್ಣ ಸ್ಕ್ರೂ ಕಣ್ಣಿಗೆ ಹತ್ತುವುದಿಲ್ಲ, ಕುಶಾಲನಗರದ ನನ್ನ ಶೆಡ್ಡಿಗೆ ಬೀಗ ಹಾಕಿದ್ದೇನೆ. ಆದರೂ ಹೊಸದಾಗಿ ಈ ಕೆಲಸಕ್ಕೆ ಇಳಿದವರು ಮನೆಗೆ ಬಂದು, ಪೆಟ್ರೋಲ್ ಜೀಪಿಗೆ ಡೀಸೆಲ್ ಇಂಜಿನ್ ಹಾಕಿದ್ದೀವಿ, ಕೆಂಪು ವೈರನ್ನು ಯಾವುದಕ್ಕೆ ಕೊಡಬೇಕು ಎಂದು ಕೇಳುತ್ತಾರೆ. ಬಣ್ಣ ಕೇಳಿಕೊಂಡು ವೈರ್ ಸೇರಿಸುವವರಿಗೆ ನಾನು ಕಾಫಿ ಕೊಟ್ಟು ಕಳಿಸುತ್ತೇನೆ, ಉತ್ತರ ಕೊಡುವುದಿಲ್ಲ. ನಾನು ಕೆಲಸ ಮಾಡಿದ ಕಾಲದಲ್ಲಿ ವೈರಿನ ಬಣ್ಣ ಉಳಿಯುತ್ತಲೇ ಇರಲಿಲ್ಲ. ರಬ್ಬರಿನ ಮೇಲೆ ಹತ್ತಿ ದಾರ ಹೆಣೆದಿರುತ್ತಿತ್ತು. ಒಂದು ಮಳೆಗಾಲ ಕಳೆದು ಅದಕ್ಕೆ ಗ್ರೀಸು ಮೆತ್ತಿಕೊಂಡರೆ ಅಷ್ಟೂ ವೈರುಗಳು ಕಾಡುಹಂದಿಯ ಬಣ್ಣಕ್ಕೆ ಬರುತ್ತಿದ್ದವು. ಯಾವುದು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂದು ಕೈಯಲ್ಲಿ ಹಿಡಿದುಕೊಂಡೇ ಹೋಗಿ ನೋಡಬೇಕು. ಬೇರೆ ದಾರಿ ಇರಲಿಲ್ಲ. ಈಗಲೂ ಇಲ್ಲ.

ಕೊಡಗು ತನ್ನದೇ ರಾಜ್ಯವಾಗಿದ್ದ ವರ್ಷಗಳವು. ಮಡಿಕೇರಿಯಲ್ಲೇ ಮಂತ್ರಿಗಳು, ಮಡಿಕೇರಿಯಲ್ಲೇ ಸೆಕ್ರೆಟರಿಗಳು. ಒಂದೇ ಗುಡ್ಡದ ಮೇಲೆ ಇಷ್ಟು ಜನ ದೊಡ್ಡವರು ಸೇರಿದ್ದರಿಂದ ಕಾರುಗಳೂ ಸೇರಿದ್ದವು. ಹಾಸನದ ಕಡೆಯಿಂದ ಬಂದು ಶಿರಂಗಾಲದಲ್ಲಿ ಗದ್ದೆ ಮಾಡಿದವರು ನಮ್ಮಪ್ಪ. ನನಗೆ ಕೆಸರಿನ ಕೆಲಸ ಒಗ್ಗಲಿಲ್ಲ. ಮೈಸೂರಿನಲ್ಲಿ ಮಿಲಿಟರಿ ಬಿಟ್ಟುಬಂದ ಎಲೆಕ್ಟ್ರಿಷಿಯನ್ ಒಬ್ಬರ ಹತ್ತಿರ ವೈರಿಂಗ್ ಕಲಿತು, ಮಡಿಕೇರಿಯ ಒಂದು ವರ್ಕ್‌ಶಾಪು ಸೇರಿದೆ. ಮಾಲೀಕರನ್ನು ಎಲ್ಲರೂ ಸಾಹುಕಾರರು ಎನ್ನುತ್ತಿದ್ದರು. ಅವರಿಗೆ ಗಾಡಿಯ ಬಗ್ಗೆ ಗೊತ್ತಿದ್ದದ್ದು ಒಂದೇ, ಒಳಗೆ ಬಂದದ್ದು ಬೇಗ ಹೊರಗೆ ಹೋಗಬೇಕು.

ಅವರ ಕೆಳಗೆ ಫೋರ್ಮನ್ ನಂಜಪ್ಪ. ಸೋಮವಾರಪೇಟೆ ಕಡೆಯವನು, ಗಟ್ಟಿ ಗಂಟಲು, ಇಸ್ತ್ರಿ ಮಾಡಿದ ಖಾಕಿ ಬಟ್ಟೆ. ಬರ್ಮಾದಲ್ಲಿ ಟ್ಯಾಂಕುಗಳನ್ನು ರಿಪೇರಿ ಮಾಡಿದೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಅವನ ಜೊತೆಯಲ್ಲೇ ಬರ್ಮಾಕ್ಕೆ ಹೋಗಿ ಬಂದಿದ್ದ ನಮ್ಮ ಮೆಕ್ಯಾನಿಕ್ ಅಂತೋಣಿ ಹೇಳಿದ್ದು ಬೇರೆ. "ಎಂತ ಟ್ಯಾಂಕ್ ಮಾರಾಯ! ಸ್ಟೋರಿನಲ್ಲಿ ಕಂಬಳಿ ಎಣಿಸ್ತಿದ್ದ. ಅದೂ ಲೆಕ್ಕ ತಪ್ಪಿ ಬೈಸಿಕೊಳ್ತಿದ್ದ."

ನಂಜಪ್ಪನ ವೈರಿಂಗ್ ವಿದ್ಯೆ ಹೀಗಿತ್ತು. ಬ್ಯಾಟರಿ ಕೊಟ್ಟು, ಒಂದೊಂದೇ ವೈರಿನ ತುದಿಯನ್ನು ಗಾಡಿಯ ಕಬ್ಬಿಣದ ಮೈಗೆ ತೀಡುವುದು. ಕಿಡಿ ಹಾರಿದರೆ ಜೀವ ಇದೆ, ಹಾರದಿದ್ದರೆ ಸತ್ತಿದೆ. ಜೀವ ಇದ್ದದ್ದನ್ನೆಲ್ಲ ಒಂದು ಕಡೆ ಹೊಸೆದು ಟೇಪು ಸುತ್ತುವುದು. ಒಮ್ಮೆ ದೊಡ್ಡ ಅಧಿಕಾರಿಯೊಬ್ಬರ ಕಾರಿಗೆ ಹೀಗೇ ಮಾಡಿ ಕಳಿಸಿದ. ಬ್ರೇಕು ತುಳಿದಾಗಲೆಲ್ಲ ಆ ಕಾರಿನ ಹಾರ್ನ್ ಬಡಿದುಕೊಳ್ಳುತ್ತಿತ್ತು. ಕುಶಾಲನಗರದ ಕಡೆಗೆ ಇಳಿಯುವ ರಸ್ತೆಯಲ್ಲಿ ತಿರುವಿಗೊಮ್ಮೆ ಬ್ರೇಕು, ತಿರುವಿಗೊಮ್ಮೆ ಹಾರ್ನು. ಡ್ರೈವರ್ ಹೆದರಿ ಬೆವರಿದ್ದನಂತೆ. ಅಧಿಕಾರಿಗಳು ಮಾತ್ರ ವಾಪಸು ಬಂದು ನಂಜಪ್ಪನ ಬೆನ್ನು ತಟ್ಟಿದರು. ತಿರುವಿನಲ್ಲಿ ಹಾರ್ನ್ ತಾನಾಗಿಯೇ ಆಗುವ ಹಾಗೆ ಮಾಡಿದ್ದೀಯಲ್ಲ, ಭೇಷ್ ಎಂದರು. ನಂಜಪ್ಪ ಸಲ್ಯೂಟ್ ಹೊಡೆದ. ಇಂಥ ಗಿರಾಕಿಗಳಿರುವವರೆಗೆ ಇಂಥ ಫೋರ್ಮನ್‌ಗಳಿಗೆ ಬರಗಾಲವಿಲ್ಲ.

ಇನ್ನು ಮುತ್ತಮ್ಮನವರ ಕಾರಿನ ವಿಷಯ.

ಮುತ್ತಮ್ಮನವರದು ಹುದಿಕೇರಿ ಹತ್ತಿರದ ಕಾಫಿ ಎಸ್ಟೇಟು. ಯಜಮಾನರು ಸೈನ್ಯದಲ್ಲಿ ಮೇಜರ್, ಯಾವಾಗಲೂ ಉತ್ತರದ ಗಡಿಯಲ್ಲಿ. ತೋಟ, ಲೈನ್ ಮನೆಗಳ ಕೆಲಸಗಾರರು, ಹಣ್ಣಿನ ಪಿಕ್ಕಿಂಗು ಎಲ್ಲ ಈಕೆಯದೇ ಉಸ್ತುವಾರಿ. ಕಾರನ್ನೂ ತಾವೇ ಓಡಿಸುತ್ತಿದ್ದರು. ಕೊಡವರ ರೀತಿಯಲ್ಲಿ ನೆರಿಗೆ ಹಿಂದಕ್ಕೆ ಸಿಕ್ಕಿಸಿ ಉಟ್ಟ ಸೀರೆ, ತಲೆಗೆ ವಸ್ತ್ರ, ಕಾಲಿಗೆ ಗಂಡಸರ ಬೂಟು. ಆ ಕಾಲದಲ್ಲಿ ಹೆಂಗಸೊಬ್ಬರು ಸ್ಟೇರಿಂಗ್ ಹಿಡಿದು ಪೇಟೆಗೆ ಬಂದರೆ ಅಂಗಡಿಯವರು ತಕ್ಕಡಿ ಬಿಟ್ಟು ಹೊರಗೆ ಬಂದು ನೋಡುತ್ತಿದ್ದರು. ಇದನ್ನು ಎಲ್ಲರಿಗಿಂತ ಹೆಚ್ಚು ಸಹಿಸದವರು ಅವರ ಯಜಮಾನರ ಅಣ್ಣ, ಆಕೆಗೆ ಬಾವ. ಕಾರು ಮನೆತನದ್ದು, ಅದು ತನ್ನ ಅಂಗಳದಲ್ಲಿ ನಿಲ್ಲಬೇಕು, ಡ್ರೈವರ್ ಇಟ್ಟು ತಾನು ಓಡಾಡಬೇಕು ಎಂದು ಅವರ ಆಸೆ.

ಕಾರು ಇಂಗ್ಲಿಷರದು. ಅದರ ಇಂಜಿನ್ ಬ್ಲಾಕು ಬಿರುಕು ಬಿಟ್ಟಿತು. ಹೊಸ ಬ್ಲಾಕು ಹಡಗಿನಲ್ಲಿ ಬರಬೇಕು, ಯಾವಾಗ ಬರುತ್ತದೋ ಹೇಳುವವರಿಲ್ಲ. ನಮ್ಮ ಸಾಹುಕಾರರ ಶೆಡ್ಡಿನಲ್ಲಿ ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ತಂದ ಅಮೆರಿಕನ್ ಜೀಪಿನ ಇಂಜಿನ್ ಒಂದು ಕೂತಿತ್ತು. ಅದನ್ನೇ ಹಾಕೋಣ ಎಂದರು. ಮುತ್ತಮ್ಮನವರು ಇಂಜಿನ್ನಿನ ಸುತ್ತ ಒಂದು ಸುತ್ತು ಬಂದು, ಒಪ್ಪಿದರು.

ಅಂತೋಣಿ ಇಂಜಿನ್ ಕೂರಿಸುವ ಕೆಲಸಕ್ಕೆ ಇಳಿದ, ನಾನು ವೈರಿಗೆ. ಹಳೆಯ ಇಂಜಿನ್ ಬಿಚ್ಚುವ ಮೊದಲೇ ಪ್ರತಿ ವೈರಿನ ಎರಡೂ ತುದಿಗೆ ಗುರುತು ಕಟ್ಟಿದೆ. ಡಬ್ಬಿ ತಗಡಿನ ಚೂರುಗಳು, ಅದರ ಮೇಲೆ ಮೊಳೆಯಿಂದ ಹೊಡೆದ ಚುಕ್ಕಿಗಳು. ಒಂದೇ ಸಂಖ್ಯೆಯ ಚುಕ್ಕಿ ಇದ್ದರೆ ಒಂದೇ ವೈರು. ನಂಜಪ್ಪ ಬಂದು ನೋಡಿ ನಕ್ಕ.

"ಏನ್ಲಾ ಇದು, ಎಮ್ಮೆಗೆ ಓಲೆ ಹಾಕ್ದಂಗೆ? ವೈರ್ ಕಿತ್ತಾಕು, ಆಮೇಲೆ ತೀಡಿ ನೋಡಾನ."

"ನೀವು ತೀಡೋ ಗಾಡಿ ಆ ಕಡೆ ಐತೆ ನಂಜಪ್ಪಣ್ಣ. ಇದು ನಂದು" ಎಂದೆ.

ಇಲ್ಲಿ ಒಂದು ತೊಡಕಿತ್ತು, ಈಗಿನವರಿಗೂ ಎದುರಾಗುತ್ತದೆ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಕಾರಿನದು ಹನ್ನೆರಡು ವೋಲ್ಟು, ಜೀಪಿನದು ಆರು. ಕಾರಿನಲ್ಲಿ ಬ್ಯಾಟರಿಯ ಪ್ಲಸ್ಸು ಗಾಡಿಯ ಮೈಗೆ ಸೇರಿತ್ತು, ಜೀಪಿನಲ್ಲಿ ಮೈನಸ್ಸು. ಎರಡು ಊರಿನ ಎರಡು ಪದ್ಧತಿ. ಎರಡನ್ನೂ ಕಲಸಿದರೆ ಏನಾದರೊಂದು ಸುಡುತ್ತದೆ. ಅದಕ್ಕೆ ನಾನು ಹೇಳಿದ್ದು, ಜೀಪಿನ ಇಂಜಿನ್ ಮೇಲೆ ಬ್ಯಾಟರಿ ಚಾರ್ಜು ಮಾಡಲು ಕಾರಿನದೇ ಡೈನಮೋ, ಕಿಡಿಗೆ ಕಾರಿನದೇ ಕಾಯಿಲ್ ಕೂರಿಸೋಣ. ಇಂಜಿನ್ ಹತ್ತಿಸಲು ತಿರುಗಿಸುವ ಸೆಲ್ಫ್ ಮೋಟಾರು ಒಂದು ಮಾತ್ರ ಜೀಪಿನದೇ ಇರಬೇಕು, ಏಕೆಂದರೆ ಅದರ ಹಲ್ಲು ಆ ಇಂಜಿನ್ನಿನ ಚಕ್ರಕ್ಕೇ ಕೂರುವಂಥದು. ಅದು ತಿರುಗುವುದು ಕೆಲವೇ ಕ್ಷಣವಾದ್ದರಿಂದ ಹನ್ನೆರಡು ವೋಲ್ಟನ್ನೂ ತಾಳಿಕೊಳ್ಳುತ್ತದೆ.

ನಂಜಪ್ಪ ಬರ್ಮಾದ ದನಿ ತೆಗೆದ. "ಪ್ಲಸ್ಸು ಮೈನಸ್ಸು ತಿರುಗಿಸಿ ಕೊಟ್ರೆ ಸೆಲ್ಫು ಹಿಂದಕ್ಕೆ ತಿರುಗ್ತದೆ ಕಣಯ್ಯ. ಇಂಜಿನ್ನೂ ಹಿಂದಕ್ಕೆ. ಆಮೇಲೆ ಕಾರಿಗೆ ಮೂರು ರಿವರ್ಸು, ಒಂದು ಫಾರ್ವರ್ಡು."

ಸಾಹುಕಾರರು ಗಾಬರಿಯಾದರು. ನಾನು ಸೆಲ್ಫನ್ನು ಮೇಜಿನ ಮೇಲಿನ ವೈಸಿನ ಹಿಡಿತಕ್ಕೆ ಬಿಗಿದು ಬ್ಯಾಟರಿ ಕೊಟ್ಟೆ. ತಿರುಗಿತು. ವೈರುಗಳನ್ನು ಅದಲುಬದಲು ಮಾಡಿ ಕೊಟ್ಟೆ. ಅದೇ ದಿಕ್ಕಿಗೆ ತಿರುಗಿತು. ಆ ಮೋಟಾರಿನ ಒಳಗಿನ ಎರಡೂ ಸುತ್ತುಗಳಲ್ಲಿ ಕರೆಂಟು ಒಟ್ಟಿಗೇ ತಿರುವುಮುರುವಾಗುತ್ತದೆ, ಅದಕ್ಕೇ ದಿಕ್ಕು ಬದಲಾಗುವುದಿಲ್ಲ. ನಂಜಪ್ಪ ಸೆಲ್ಫನ್ನು ಒಮ್ಮೆ ತಟ್ಟಿದ. "ಪೀಸೇ ಸರಿಯಿಲ್ಲ ಇದು" ಎಂದು ಹೇಳಿ ಆಚೆ ಹೋದ. ಸಾಹುಕಾರರು ನನ್ನ ಮಾತಿಗೆ ಒಪ್ಪಿದರು. ಮೇಜಿನ ಮೇಲೆ ಕಂಡದ್ದಕ್ಕಲ್ಲ, ಜೀಪಿನ ಡೈನಮೋ ಉಳಿದರೆ ಬೇರೆ ಯಾರಿಗಾದರೂ ಮಾರಬಹುದು ಎಂಬುದಕ್ಕೆ.

ಕೆಲಸ ಮುಗಿಯುತ್ತ ಬಂದಾಗ ತಂಗಿಯ ಮದುವೆಗೆಂದು ಊರಿಗೆ ಹೊರಟೆ. ಉಳಿದದ್ದು ಒಂದೇ, ಅರ್ತ್ ಪಟ್ಟಿ. ತಾಮ್ರದ ಎಳೆ ಹೆಣೆದ ಎರಡು ಬೆರಳಗಲದ ಪಟ್ಟಿ ಅದು. ಒಂದು ತುದಿ ಇಂಜಿನ್ನಿಗೆ, ಇನ್ನೊಂದು ತುದಿ ಚಾಸಿಗೆ, ಅಂದರೆ ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟಿಗೆ. ಇಂಜಿನ್ ಕೂರುವುದು ರಬ್ಬರಿನ ಮೇಲೆ. ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಸೆಲ್ಫಿಗೆ ಹೋದ ಅಷ್ಟೂ ಕರೆಂಟು ವಾಪಸು ಬರಬೇಕಾದ ದಾರಿ ಈ ಪಟ್ಟಿ. ಇಂಜಿನ್ನಿನ ಕೊನೆಯ ಬೋಲ್ಟು ಬಿಗಿಯದೆ ಅದನ್ನು ಹಾಕುವ ಹಾಗಿರಲಿಲ್ಲ. ಪಟ್ಟಿಯನ್ನು ಬಾನೆಟ್ಟಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟು, ಎಲ್ಲಿಗೆ ಹಾಕಬೇಕೆಂದು ಸೀಮೆಸುಣ್ಣದಲ್ಲಿ ಗುರುತು ಮಾಡಿ, ನಂಜಪ್ಪನಿಗೆ ಬಾಯಲ್ಲೂ ಹೇಳಿದೆ.

"ಹೋಗಯ್ಯ, ಮದ್ವೆ ಊಟ ಮಾಡ್ಕೊಂಡ್ ಬಾ. ನಂಗೇ ಹೇಳಿಕೊಡಕ್ಕೆ ಬರ್ತಾನೆ."

ವಾಪಸು ಬಂದಾಗ ಕಾರು ಹೋಗಿತ್ತು. ಪಟ್ಟಿ ಹಾಕಿದಿರಾ ಎಂದು ಕೇಳಿದೆ. "ಹಾಕ್ದೆ ಹಾಕ್ದೆ" ಎಂದ. ಆ ಕೂಡಲೇ ನನ್ನನ್ನು ಶನಿವಾರಸಂತೆಯಲ್ಲಿ ಕೆಟ್ಟು ನಿಂತಿದ್ದ ಲಾರಿ ನೋಡಲು ಕಳಿಸಿದರು. ನಾನಿಲ್ಲದಾಗ ಮುತ್ತಮ್ಮನವರು ಬಂದು ಹೋದ ಸುದ್ದಿಯನ್ನು ಆಮೇಲೆ ಅಂತೋಣಿ ಹೇಳಿದ.

"ಚೋಕಿನ ಗುಬುಟು ಕೈಗೆ ಸುಡ್ತದೆ, ಸೆಲ್ಫ್ ಸೋಮಾರಿಯ ಹಾಗೆ ತಿರುಗ್ತದೆ ಅಂದ್ರು ಮಾರಾಯ. ಈ ನಂಜಪ್ಪ ಎಂತ ಹೇಳಿದ ಗೊತ್ತುಂಟಾ? ನಿಮ್ಮದು ಮೆತ್ತನೆ ಕೈ ಅಮ್ಮಾವ್ರೆ, ಅಡುಗೆ ಮನೇಲೂ ಬಿಸಿ ತಾಗ್ತದಲ್ಲ ಹಾಗೇ ಇದು ಅಂದ. ಸಾಹುಕಾರ್ರು ಕೂಡ ನಕ್ಕರು."

"ಅವರು ಏನಂದ್ರು?"

"ಇವನ ಮುಖವನ್ನೇ ನೋಡಿದ್ರು. ಹೋದ್ರು."

ಚೋಕಿನ ಗುಬುಟು ಬಿಸಿ ಎಂಬ ಮಾತು ಕೇಳಿದ್ದೇ ನನಗೆ ಗೊತ್ತಾಯಿತು. ಥಂಡಿಯಲ್ಲಿ ಇಂಜಿನ್ ಹತ್ತಿಸಲು ಗುಬುಟು ಹಿಡಿದು ಎಳೆಯುವ ಚೋಕಿನದು ಇಂಜಿನ್ನಿನಿಂದ ಡ್ಯಾಶ್‌ಬೋರ್ಡಿಗೆ ಬರುವ ತೆಳ್ಳಗಿನ ಉಕ್ಕಿನ ಕೇಬಲ್ಲು. ಪಟ್ಟಿ ಇಲ್ಲದಿದ್ದರೆ ಸೆಲ್ಫಿನ ಕರೆಂಟೆಲ್ಲ ಆ ಕೇಬಲ್ಲಿನಲ್ಲಿ ನುಗ್ಗಿ ಗಾಡಿಯ ಮೈಗೆ ಬರುತ್ತದೆ. ನೇರ ಸಾಹುಕಾರರ ಹತ್ತಿರ ಹೋಗಿ, ಹುದಿಕೇರಿಗೆ ಹೋಗಿ ನೋಡಿಬರುತ್ತೇನೆ ಎಂದೆ.

"ಹೊರಗೆ ಹೋದ ಗಾಡೀನ ಒಳಗೆ ಕರೀಬ್ಯಾಡ. ತೊಂದ್ರೆ ಇದ್ರೆ ಅವರೇ ಬರ್ತಾರೆ" ಎಂದರು.

ಬಂದರು, ಲಾರಿಯ ಹಿಂದೆ ಕಾರನ್ನು ಹಗ್ಗದಲ್ಲಿ ಕಟ್ಟಿಸಿಕೊಂಡು ಬಂದರು. ಥಂಡಿ ಬೆಳಿಗ್ಗೆ ಗೋಣಿಕೊಪ್ಪದ ರಸ್ತೆಯಲ್ಲಿ ಇಂಜಿನ್ ನಿಂತುಹೋಗಿದೆ. ಚೋಕು ಎಳೆದು ಮತ್ತೆ ಮತ್ತೆ ಸೆಲ್ಫ್ ಒತ್ತಿದ್ದಾರೆ. ಕೇಬಲ್ಲು ಕೆಂಪಗೆ ಕಾದು, ಡ್ಯಾಶ್‌ಬೋರ್ಡಿನ ಕೆಳಗಿನ ನಾರಿನ ಹಾಸು ಹೊತ್ತಿಕೊಂಡಿದೆ. ಪೆಟ್ರೋಲ್ ಪೈಪು ಅಲ್ಲಿಂದ ಒಂದು ಗೇಣು. ಹೆದರಿ ಓಡಿಹೋಗುವವರೇ ಹೆಚ್ಚು. ಮುತ್ತಮ್ಮನವರು ಸೀಟಿನ ಮೇಲಿದ್ದ ಗೋಣಿಯನ್ನು ಚರಂಡಿಯ ನೀರಿನಲ್ಲಿ ಅದ್ದಿ ತಂದು ಒಳಗೆ ತುರುಕಿ, ಅಂಗೈಯಿಂದ ಒತ್ತಿ ಹಿಡಿದು ಆರಿಸಿದ್ದರು. ಬಲಗೈಗೆ ಬಟ್ಟೆ ಸುತ್ತಿತ್ತು.

ಸುದ್ದಿ ಕೇಳಿ ಜೊತೆಗೇ ಬಂದಿದ್ದ ಅವರ ಬಾವ ಲಾರಿಯ ಮುಂದಿನ ಸೀಟಿನಿಂದ ಇಳಿದರು. ಮುಖದಲ್ಲಿ ಮದುವೆ ಮನೆಯ ಕಳೆ. "ಹೆಂಗಸರ ಕೈಗೆ ಗಾಡಿ ಕೊಟ್ಟರೆ ಹೀಗೇ. ಇವತ್ತಿಗೆ ಮುಗೀತು. ರಿಪೇರಿ ಮಾಡಿ ಕೀ ನನ್ನ ಕೈಗೆ ಕೊಡಿ" ಎಂದು ಸಾಹುಕಾರರಿಗೆ ಹೇಳಿದರು. ಸಾಹುಕಾರರು ಆಗಲೇ ನನ್ನ ಕಡೆ ತಿರುಗಿದ್ದರು.

"ನಿನ್ನ ವೈರಿಂಗ್ ನೋಡು ಪುಟ್ಟಸ್ವಾಮಿ! ತಗಡು ಕಟ್ಟಿ, ಚುಕ್ಕಿ ಹೊಡ್ದು, ಕಾರಿಗೇ ಬೆಂಕಿ ಇಟ್ಟೆ. ಈ ತಿಂಗಳಿಗೆ ನಿನ್ನ ಲೆಕ್ಕ ಮುಗಿಸ್ತೀನಿ."

ನಂಜಪ್ಪ ನನ್ನ ಪರವಾಗಿ ಬಂದವನಂತೆ ಬಂದ. "ಅವನ್ದೂ ತಪ್ಪಿರಬೌದು ಸಾಹುಕಾರ್ರೆ. ಆದ್ರೆ ಅಮ್ಮಾವ್ರು ಚೋಕು ಎಳ್ದಿದ್ದು ಒಳಕ್ಕೆ ತಳ್ಳದೆ ಓಡಿಸವ್ರೆ. ಅದ್ಕೇ ಬಿಸಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಮುತ್ತಮ್ಮನವರು ಅಂತೋಣಿಯನ್ನು ಕರೆದರು. "ಹೊಸ ಚೋಕ್ ಕೇಬಲ್ ಉಂಟಾ ನಿಮ್ಮಲ್ಲಿ?"

"ಉಂಟು ಅಮ್ಮ."

"ಹಾಕಿ. ಬೇರೆ ಎಂತದೂ ಮುಟ್ಟಬೇಡಿ."

ಅಂತೋಣಿ ಹಾಕಿದ. ಸುಟ್ಟ ಹಾಸನ್ನು ಕಿತ್ತೆಸೆದ. ಬೀದಿಯ ಜನ ಅಂಗಳಕ್ಕೆ ಬಂದು ಸುತ್ತ ನಿಂತಿದ್ದರು. ಮುತ್ತಮ್ಮನವರು ಡ್ರೈವರ್ ಸೀಟಿನಲ್ಲಿ ಕೂತು, ಪಕ್ಕದ ಬಾಗಿಲು ತೆಗೆದರು.

"ನಂಜಪ್ಪ, ಬನ್ನಿ, ಕೂತ್ಕೊಳ್ಳಿ. ಚೋಕ್ ಹೇಗೆ ಎಳೀಬೇಕು ಅಂತ ನನಗೆ ತೋರಿಸಿ."

ಜನರ ಮುಂದೆ ಗುರುವಾಗುವ ಅವಕಾಶ. ನಂಜಪ್ಪ ಕಾಲರ್ ಸರಿಮಾಡಿಕೊಂಡು ಕೂತ. ಗುಬುಟು ಹಿಡಿದು ಎಳೆದ. "ಹಿಂಗೆ ಹಿಡ್ಕೋಬೇಕು ಅಮ್ಮಾವ್ರೆ, ಗಟ್ಟಿಯಾಗಿ."

"ಬಿಡಬೇಡಿ. ನಾನು ಸೆಲ್ಫ್ ಒತ್ತುತ್ತೇನೆ."

ಒತ್ತಿದರು. ತಣ್ಣಗಿದ್ದ ಇಂಜಿನ್ನು ನರಳಿತು, ಹತ್ತಲಿಲ್ಲ. ಅವರು ಬೆರಳು ತೆಗೆಯಲಿಲ್ಲ. ನಂಜಪ್ಪನ ಮುಖದಿಂದ ಮೊದಲು ನಗು ಹೋಯಿತು, ಆಮೇಲೆ ಬಣ್ಣ ಹೋಯಿತು.

"ಅಮ್ಮಾವ್ರೆ, ಸಾಕು..."

"ಇನ್ನೂ ಸ್ಟಾರ್ಟ್ ಆಗಲಿಲ್ಲ. ಹಿಡ್ಕೊಳ್ಳಿ."

"ಸುಡ್ತದೆ ಅಮ್ಮಾವ್ರೆ!"

"ಹೌದಾ? ನಿಮ್ಮದೂ ಮೆತ್ತನೆ ಕೈಯಾ?"

ಅವನು ಕಿರುಚಿಕೊಂಡು ಗುಬುಟು ಬಿಟ್ಟು, ಬಾಗಿಲಿನಿಂದ ಹೊರಗೆ ಹಾರಿ, ಬ್ಯಾಟರಿಗೆ ನೀರು ತುಂಬುವ ಬಕೆಟ್ಟಿನಲ್ಲಿ ಕೈ ಅದ್ದಿದ. ಬೀದಿಯ ಜನ ನಕ್ಕ ನಗು ಸಾಹುಕಾರರ ಕಿವಿಗೆ ಬೀಳದೆ ಇರಲಿಲ್ಲ. ನಾನು ಕಾರಿನ ಕೆಳಗೆ ತೂರಿದೆ. ಸೀಮೆಸುಣ್ಣದ ಗುರುತು ನಾನು ಬರೆದ ಹಾಗೇ ಇತ್ತು. ಬೋಲ್ಟಿನ ತೂತಿನಲ್ಲಿ ಹಳೆಯ ಬಣ್ಣ ಕೂಡ ಕದಲಿರಲಿಲ್ಲ.

"ಪಟ್ಟಿ ಎಲ್ಲಿ ನಂಜಪ್ಪಣ್ಣ?"

ಅವನು ಬಕೆಟ್ಟಿನಿಂದ ಕೈ ತೆಗೆಯಲಿಲ್ಲ. "ಇಂಜಿನ್ನೂ ಕಬ್ಬಿಣ, ಚಾಸೀನೂ ಕಬ್ಬಿಣ. ಕಬ್ಬಿಣಕ್ಕೂ ಕಬ್ಬಿಣಕ್ಕೂ ಮಧ್ಯೆ ಅದ್ಯಾಕೆ ಅಂತ... ಗುಜರಿಗೆ ಹಾಕ್ದೆ."

ಇಂಜಿನ್ನಿನ ಕೆಳಗೆ ರಬ್ಬರ್ ಇರುವುದು ಅವನಿಗೆ ಗೊತ್ತಿತ್ತು. ಅದನ್ನು ಅವನೇ ಕತ್ತರಿಸಿ ಕೊಟ್ಟಿದ್ದ. ರಬ್ಬರ್ ಗೊತ್ತು, ಕರೆಂಟ್ ಗೊತ್ತು, ಎರಡನ್ನೂ ಒಟ್ಟಿಗೆ ಯೋಚಿಸುವ ಅಭ್ಯಾಸ ಮಾತ್ರ ಇರಲಿಲ್ಲ. ಈ ಕಾಯಿಲೆ ಅವನೊಬ್ಬನದಲ್ಲ, ನಮ್ಮ ಕಸುಬಿನಲ್ಲಿ ನಾನು ಕಂಡ ಮುಕ್ಕಾಲು ಜನರದು.

ಹೊಸ ಪಟ್ಟಿ ತಂದು, ಎರಡೂ ಕಡೆ ಬಣ್ಣ ಕೆರೆದು ಲೋಹ ಹೊಳೆಯುವ ಹಾಗೆ ಮಾಡಿ ಬಿಗಿದೆ. ಮುತ್ತಮ್ಮನವರು ಎಡಗೈಯಲ್ಲಿ ಗುಬುಟು ಹಿಡಿದು ಸೆಲ್ಫ್ ಒತ್ತಿದರು. ಒಂದೇ ಏಟಿಗೆ ಹತ್ತಿತು. ಗುಬುಟು ಹಿಡಿದೇ ಇದ್ದರು.

"ತಣ್ಣಗೆ ಉಂಟು" ಎಂದು ನನಗೆ ಹೇಳಿದರು. ಆಮೇಲೆ ಇಂಜಿನ್ ನಿಲ್ಲಿಸಿ, ಇಳಿದು, ಕೀಯನ್ನು ಬಾವನ ಮುಂದೆ ಹಿಡಿದರು. "ತಗೊಳ್ಳಿ ಬಾವ. ನೀವೇ ಓಡಿಸಿ, ಮನೆಗೆ ಹೋಗೋಣ."

ಬಾವನಿಗೆ ಓಡಿಸಲು ಬರುತ್ತಿರಲಿಲ್ಲ. ಅದು ಆಕೆಗೆ ಗೊತ್ತಿತ್ತು, ಆ ಹೊತ್ತಿಗೆ ನಮಗೂ ಗೊತ್ತಾಯಿತು. ಅವರು ಮೀಸೆಯ ಮೇಲೆ ಕೈ ಇಟ್ಟುಕೊಂಡು ಲಾರಿಯ ಕಡೆ ನೋಡಿದರು. ಲಾರಿ ಹೋಗಿಯಾಗಿತ್ತು. ಕೊನೆಗೆ ಕಾರಿನ ಹಿಂದಿನ ಬಾಗಿಲು ತೆರೆದು ಕೂತರು. ಮುತ್ತಮ್ಮನವರು ಬಟ್ಟೆ ಸುತ್ತಿದ ಕೈಯಲ್ಲೇ ಸ್ಟೇರಿಂಗ್ ಹಿಡಿದು ಗೇಟು ದಾಟಿದರು.

ಆಮೇಲೆ ಏನಾಯಿತು ಎಂದರೆ, ವರ್ಕ್‌ಶಾಪಿನಲ್ಲಿ ಏನೂ ಆಗಲಿಲ್ಲ. ನಂಜಪ್ಪ ಫೋರ್ಮನ್ ಆಗಿಯೇ ಉಳಿದ. ಸಾಹುಕಾರರು ಗಿರಾಕಿಗಳ ಹತ್ತಿರ, ಅದೊಂದು ಎಲೆಕ್ಟ್ರಿಕ್ ದೋಷ, ನಮ್ಮ ಫೋರ್ಮನ್ ಕೈಸುಟ್ಟುಕೊಂಡು ಹುಡುಕಿದ ಎಂದರು. ನನ್ನನ್ನು ಒಳಗೆ ಕರೆದು, ಜನರೆದುರು ಹಿರಿಯನಿಗೆ ಪಟ್ಟಿ ಎಲ್ಲಿ ಎಂದು ಕೇಳಬಾರದಿತ್ತು, ಕ್ಷಮೆ ಕೇಳು ಎಂದರು. ವೈರಿನಲ್ಲಿ ಕರೆಂಟಿದೆಯೇ ಎಂದು ನೋಡುವ ನನ್ನ ಟೆಸ್ಟ್ ಲ್ಯಾಂಪನ್ನು ಚೀಲಕ್ಕೆ ಹಾಕಿಕೊಂಡು ಆಚೆ ಬಂದೆ. ಅಂತೋಣಿ ಬಸ್ ಸ್ಟ್ಯಾಂಡಿನವರೆಗೆ ಬಂದ.

ಕುಶಾಲನಗರದಲ್ಲಿ ರಸ್ತೆ ಬದಿಗೆ ನಾಲ್ಕು ಕಂಬ ನೆಟ್ಟು, ತಗಡು ಹೊದಿಸಿ ಶೆಡ್ಡು ಮಾಡಿದೆ. ಗಿರಾಕಿಗಳು ಬರಲಿಲ್ಲ. ಕಾರಿಗೆ ಬೆಂಕಿ ಹಚ್ಚಿದ ಎಲೆಕ್ಟ್ರಿಷಿಯನ್ ಎಂಬ ಹೆಸರು ನನಗಿಂತ ಮೊದಲೇ ಬಂದು ಅಲ್ಲಿ ಕೂತಿತ್ತು. ನಂಜಪ್ಪ ಬಾಯಿ ಸುಮ್ಮನಿಟ್ಟುಕೊಳ್ಳುವವನಲ್ಲ. ಲಾರಿಯವರು ನಿಧಾನ ಮಾಡಿ, ಬೋರ್ಡು ಓದಿ, ಮುಂದೆ ಹೋಗುತ್ತಿದ್ದರು. ಅಪ್ಪ ಶಿರಂಗಾಲದಿಂದ ಬಂದು, ಗದ್ದೆ ಹಾಗೇ ಇದೆ, ಬಾ ಎಂದು ಹೇಳಿ ಹೋದರು. ಹೋಗುವ ಮನಸ್ಸೂ ಬಂದಿತ್ತು.

ಒಂದು ಸಂತೆಯ ದಿನ ಬೆಳಿಗ್ಗೆ ಮುತ್ತಮ್ಮನವರ ಕಾರು ಬಂದು ಶೆಡ್ಡಿನ ಮುಂದೆ ನಿಂತಿತು.

"ಏನು ತೊಂದ್ರೆ ಅಮ್ಮಾವ್ರೆ?"

"ಎಂತ ತೊಂದರೆಯೂ ಇಲ್ಲ. ಬಾನೆಟ್ ತೆಗೆದು ಇಡಿ. ಸಂಜೆವರೆಗೆ ಹೀಗೇ ಇರಲಿ, ನನಗೆ ಪೇಟೆಯಲ್ಲಿ ಕೆಲಸ ಉಂಟು."

ಅಷ್ಟು ಹೇಳಿ ಕೊಡೆ ಹಿಡಿದು ನಡೆದೇ ಹೋದರು. ಅವರ ಕಾರನ್ನು ಗುರುತಿಸದವರು ಆ ರಸ್ತೆಯಲ್ಲಿ ಇರಲಿಲ್ಲ. ಸಂತೆಗೆ ಬಂದವರೆಲ್ಲ ನಿಂತು ಬಾನೆಟ್ಟಿನೊಳಗೆ ಇಣುಕಿದರು. ಸಾಲಾಗಿ ಕಟ್ಟಿದ ವೈರುಗಳು, ತಗಡಿನ ಚುಕ್ಕಿಗಳು, ಹೊಳೆಯುವ ಪಟ್ಟಿ. ಇದು ಬೆಂಕಿ ಬಿದ್ದ ಕಾರಲ್ಲವೇ ಎಂದು ಕೇಳಿದವರಿಗೆ, ಆಕೆ ಅದನ್ನು ಇಲ್ಲಿಗೇ ತಂದಿರುವುದೇ ಉತ್ತರವಾಯಿತು. ಸಂಜೆ ವಾಪಸು ಬಂದು, ಬಾನೆಟ್ ತಾವೇ ಮುಚ್ಚಿ, ಹೋಗಿಬರುತ್ತೇನೆ ಎಂದರು. ನನಗೆ ಧನ್ಯವಾದ ಹೇಳುವುದಕ್ಕೂ ಎಡೆ ಕೊಡಲಿಲ್ಲ.

ಮುಂದಿನ ವಾರ ಲಾರಿಯೊಂದು ಬಂತು. ಓಡಿಸಿಕೊಂಡು ಬಂದವನು ಅಂತೋಣಿ. ಲೈಟು ಹಾಕಿದರೆ ಇಂಜಿನ್ ನಿಲ್ಲುತ್ತದೆ, ಮಡಿಕೇರಿಯಲ್ಲಿ ಯಾರಿಂದಲೂ ಆಗಲಿಲ್ಲ ಎಂದ. ಸುತ್ತ ನೋಡಿ ದನಿ ತಗ್ಗಿಸಿದ. "ಯಾರ ಲಾರಿ ಅಂತ ಯಾರಿಗೂ ಹೇಳಬಾರದಂತೆ ಮಾರಾಯ. ನಂಜಪ್ಪ ಆಣೆ ಹಾಕಿಸಿ ಕಳಿಸಿದ್ದಾನೆ."

ಲಾರಿಯ ಬಾಗಿಲ ಮೇಲೆ ವರ್ಕ್‌ಶಾಪಿನ ಹೆಸರು ಮೊಳದುದ್ದದ ಅಕ್ಷರಗಳಲ್ಲಿ ಬರೆದಿತ್ತು. ದೋಷ ಹುಡುಕಿ ಸರಿಮಾಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಾಡಿದ ಮೇಲೆ ಅಂತೋಣಿಯನ್ನು ಊಟಕ್ಕೆ ಕೂರಿಸಿ, ನಾನೇ ಲಾರಿಯನ್ನು ತಿರುಗಿಸಿದೆ. ಬಾಗಿಲು ರಸ್ತೆಗೆ ಕಾಣುವಂತೆ ನಿಲ್ಲಿಸಿ, ಬಾನೆಟ್ ತೆಗೆದಿಟ್ಟೆ. ಕತ್ತಲಾಗುವವರೆಗೆ ಅಲ್ಲೇ ಇತ್ತು.